ಕೆಂಪು ಕತ್ತಿನ ಹಕ್ಕಿ ಮತ್ತು ನಾನು ಹೇಳಿದ ಒಂದು ಸುಳ್ಳು

ಬ್ಲಾಗಿನ ಕಡೆ ತಲೆ ಹಾಕದೆ ಎಂಟು ತಿಂಗಳ ಮೇಲಾಯ್ತು. ಸತ್ತಿದ್ದೀಯೋ ಬದುಕಿದ್ದೀಯೋ ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ರು. ಬದುಕಿದ್ದೀನಿ ಮಾರಾಯ್ರೆ. ಕೆಲಸ, ಮಗಳ ಶಾಲೆ, ಸೋಮಾರಿತನ ಅಂತ ಮಾಮೂಲಿ ಕಾರಣ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಿಜವಾದ ಕಾರಣ ಬೇರೆ. ಇದೇ ಜಾಗದಲ್ಲಿ ಹಿಂದೊಮ್ಮೆ ಬರೆದದ್ದು ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಅದನ್ನು ಸರಿ ಮಾಡದೆ ಮುಂದಿನದನ್ನು ಬರೆಯೋಣ ಅಂತ ಕೂತರೆ ಕೈಯೇ ಓಡುತ್ತಿರಲಿಲ್ಲ.

ಹಳಬರಿಗೆ ನೆನಪಿರಬಹುದು. ಮೂರು ವರ್ಷದ ಹಿಂದೆ ತದಡಿಯ ಬೋಟಿನ ಕಥೆ ಬರೆದಿದ್ದೆ. ಹೊಸಬರಿಗಾಗಿ ಚಿಕ್ಕದಾಗಿ ಹೇಳ್ತೀನಿ.

1997ರ ಫೆಬ್ರವರಿ. ನಾನು ಒಂಬತ್ತನೇ ಕ್ಲಾಸು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನ ಅಪ್ಪನದ್ದು ತದಡಿ ಬಂದರಿನಲ್ಲಿ ಬೋಟು. ಒಂದು ಭಾನುವಾರ ಮನೆಯಲ್ಲಿ ಲೆಕ್ಕದ ಟ್ಯೂಷನ್ ಅಂತ ಹೇಳಿ ಬೆಳಗಿನ ಜಾವ ಅವರ ಬೋಟು ಹತ್ತಿಬಿಟ್ಟೆ. ಭಟ್ಟರ ಮನೆ ಮಾಣಿ ಮೀನು ಹಿಡಿಯೋ ಬೋಟಿನಲ್ಲಿ! ಸಿಕ್ಕಿಬಿದ್ದಿದ್ದರೆ ಅಪ್ಪಯ್ಯ ಚರ್ಮ ಸುಲಿಯುತ್ತಿದ್ದ. ದಡ ಕಾಣದಷ್ಟು ದೂರ ಹೋದ ಮೇಲೆ ಎರಡು ಸಲ ವಾಂತಿ ಮಾಡಿಕೊಂಡು ಒಂದು ಮೂಲೆಯಲ್ಲಿ ಮುದುಡಿ ಕೂತಿದ್ದೆ. ಆಗ ಗೆಳೆಯನ ಅಪ್ಪ ಕೂಗಿದ್ರು, "ಏ ಭಟ್ರ ಮಾಣಿ, ಅಲ್ನೋಡು."

ನೀರಿನ ಮೇಲೆ ಒಂದು ಗೆರೆ ಇತ್ತು. ಗೆರೆಯ ಈಚೆ ಒಂದು ಬಣ್ಣ, ಆಚೆ ಒಂದು ಬಣ್ಣ, ನಡುವೆ ನೊರೆ ಮತ್ತು ಕಸ. ಆ ಗೆರೆ ಉದ್ದಕ್ಕೂ ಯಾರೋ ಮಂಡಕ್ಕಿ ಚೆಲ್ಲಿದ ಹಾಗೆ ಬಿಳಿ-ಬೂದು ಬಣ್ಣದ ಪುಟ್ಟ ಪುಟ್ಟ ಹಕ್ಕಿಗಳು. ಗುಬ್ಬಿಗಿಂತ ಸ್ವಲ್ಪ ದೊಡ್ಡವು ಅಷ್ಟೇ. ಸುತ್ತ ಎಲ್ಲೂ ನೆಲ ಇಲ್ಲ, ಒಂದು ಬಂಡೆಯೂ ಇಲ್ಲ, ಇವು ಮನೆಯಂಗಳದಲ್ಲಿ ಕೂತ ಹಾಗೆ ಸಮುದ್ರದ ಮೇಲೆ ಕೂತಿದ್ದವು. ಕೆಲವು ಕೂತಲ್ಲೇ ಗಿರಗಿರ ಸುತ್ತುತ್ತಿದ್ದವು, ಬುಗುರಿ ಹಾಗೆ. ಹೆಸರೇನು ಅಂತ ಕೇಳಿದೆ. "ಅದ್ಕೆಂತಾ ಹೆಸ್ರು, ಕಡ್ಲ ಹಕ್ಕಿ" ಅಂದ್ರು. ಅವು ಕೂತಲ್ಲಿ ನೀರು ಮಗುಚುತ್ತಿರುತ್ತೆ, ಕೆಳಗೆ ಮೀನಿರುತ್ತೆ ಅಂತ ಬಲೆ ಬಿಡೋಕೆ ಹೋದ್ರು. ನನಗೆ ಮೂರನೇ ವಾಂತಿ ಬಂತು.

ಹೆಸರು ಗೊತ್ತಾಗಿದ್ದು ಹದಿನೈದು ವರ್ಷ ಕಳೆದ ಮೇಲೆ, ಕೆಲಸಕ್ಕೆ ಅಂತ ಅಬರ್ಡೀನಿಗೆ ಬಂದು, ಇಲ್ಲಿನ ಲೈಬ್ರರಿಯಲ್ಲಿ ಹಕ್ಕಿ ಪುಸ್ತಕ ತಿರುವುವಾಗ. ಕೆಂಪು ಕತ್ತಿನ ಫಾಲರೋಪ್. ಬೇಸಿಗೆಯಲ್ಲಿ ಉತ್ತರ ಧ್ರುವದ ಸುತ್ತಮುತ್ತಲ ಜೌಗಿನಲ್ಲಿ ಮೊಟ್ಟೆ ಇಡುತ್ತೆ, ಚಳಿಗಾಲ ಪೂರ್ತಿ ಸಮುದ್ರದ ಮೇಲೆಯೇ ಕಳೆಯುತ್ತೆ. ಎಲ್ಲಿಯ ಸಮುದ್ರ ಅಂದ್ರೆ, ಆ ಹಳೇ ಪುಸ್ತಕದಲ್ಲಿ ಬರೆದಿತ್ತು, ಅರಬ್ಬಿ ಸಮುದ್ರ! ಬ್ರಿಟನ್ನಿನಲ್ಲಿ ಇದು ಗೂಡು ಕಟ್ಟುವುದು ಬೆರಳೆಣಿಕೆಯ ಜಾಗಗಳಲ್ಲಿ, ಅದರಲ್ಲೂ ಮುಖ್ಯವಾಗಿ ಶೆಟ್‌ಲ್ಯಾಂಡಿನ ಫೆಟ್ಲರ್ ಅನ್ನೋ ದ್ವೀಪದಲ್ಲಿ. ಶೆಟ್‌ಲ್ಯಾಂಡಿಗೆ ಹಡಗು ಹೊರಡುವುದು ಎಲ್ಲಿಂದ? ಅಬರ್ಡೀನಿನಿಂದ. ನಮ್ಮ ಆಫೀಸಿನ ಕ್ಯಾಂಟೀನ್ ಕಿಟಕಿಯಿಂದ ಆ ಹಡಗಿನ ಹೊಗೆಕೊಳವೆ ಕಾಣುತ್ತೆ.

ಇಷ್ಟು ಸಾಕಲ್ಲ ಬ್ಲಾಗ್ ಬರೆಯೋನಿಗೆ. ಬರೆದೆ. ತದಡಿಯ ಕಡಲ ಹಕ್ಕಿ ನನ್ನ ಹಾಗೆಯೇ ಇಲ್ಲಿಗೆ ಬರುತ್ತೆ, ಆದರೆ ನನ್ನ ಹಾಗಲ್ಲದೆ ಪ್ರತಿ ವರ್ಷ ತಪ್ಪದೆ ಊರಿಗೆ ವಾಪಸ್ ಹೋಗುತ್ತೆ, ನಾನೂ ಒಂದು ದಿನ ಹಾಗೇ... ಇತ್ಯಾದಿ. ಮೂವತ್ತೆರಡು ಕಾಮೆಂಟ್ ಬಂದಿತ್ತು. ಈ ಬ್ಲಾಗಿನ ದಾಖಲೆ ಅದು. ಕಣ್ಣಲ್ಲಿ ನೀರು ಬಂತು ಅಂತ ನಾಲ್ಕು ಜನ ಬರೆದಿದ್ದಿರಿ. ಅಣ್ಣನ ಮಗ ಅದನ್ನು ಆಯಿಗೆ ಓದಿ ಹೇಳಿದನಂತೆ. ಅವತ್ತಿನಿಂದ ಫೋನು ಮಾಡಿದಾಗೆಲ್ಲ ಆಯಿ ಕೇಳೋದು, "ನಿನ್ನ ಹಕ್ಕಿ ಹೊಂಟ್ಚಾ?"

ಅಷ್ಟೆಲ್ಲ ಬರೆದವನು ಫೆಟ್ಲರ್‌ಗೆ ಹೋಗಿದ್ದೆನಾ? ಇಲ್ಲ. ಒಂದು ರಾತ್ರಿಯ ಹಡಗಿನ ದೂರದಲ್ಲಿ ಇಷ್ಟು ವರ್ಷ ಇದ್ದು ಹೋಗಿರಲಿಲ್ಲ.

ಹೋಗಿದ್ದು 2025ರ ಜೂನಿನಲ್ಲಿ. ಅದೂ ಹಕ್ಕಿಯ ಮೇಲಿನ ಪ್ರೀತಿಯಿಂದ ಅಂತ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತೆ. ಮೇ ಕೊನೆಯಲ್ಲಿ ಅಣ್ಣ ಫೋನು ಮಾಡಿದ್ದ. ಮನೆ ಹಿಂದಿನ ಒಂದೂವರೆ ಎಕರೆ ತೋಟಕ್ಕೆ ಗಿರಾಕಿ ಬಂದಿದ್ದಾರೆ, ಒಳ್ಳೆ ರೇಟು, ನನ್ನ ಸಹಿ ಬೇಕು. ಅಣ್ಣ ದುಡ್ಡಿಗೆ ಬಿದ್ದವನಲ್ಲ. ಅವನಿಗೆ ಮಂಡಿ ನೋವು, ಕೊನೆಗೌಡರು ಸಿಗೋಲ್ಲ, ಇದ್ದೊಬ್ಬ ಮಗ ಬೆಂಗಳೂರು ಸೇರಿದ್ದಾನೆ. "ನೀ ಬತ್ತೆ ಹೇಳಾದ್ರೆ ಮಾರದಿಲ್ಲೆ, ಇಟ್ಗತ್ತಿ. ಬತ್ಯಾ ಇಲ್ಯಾ, ಒಂದು ಮಾತು ಹೇಳು" ಅಂದ. ಹದಿನೈದು ದಿನ ಟೈಮು ಕೊಟ್ಟ. ಹದಿನಾಲ್ಕು ವರ್ಷದಿಂದ ಬತ್ತಿ ಬತ್ತಿ ಅಂತಲೇ ಹೇಳಿಕೊಂಡು ಬಂದಿದ್ದೆ. ಹದಿಮೂರನೇ ದಿನ ಹಡಗು ಹತ್ತಿದೆ. ಹೆಂಡತಿಗೆ ರಜೆ ಇರಲಿಲ್ಲ, ಹತ್ತು ವರ್ಷದ ಮಗಳನ್ನು ಕರೆದುಕೊಂಡು.

ಸಂಜೆ ಹತ್ತಿದರೆ ಬೆಳಿಗ್ಗೆ ಏಳೂವರೆಗೆ ಲರ್ವಿಕ್. ತದಡಿಯ ವಾಂತಿ ನೆನೆಸಿಕೊಂಡು ಮಾತ್ರೆ ನುಂಗಿದ್ದೆ, ಏನೂ ಆಗಲಿಲ್ಲ. ಮಗಳು ಹಡಗಿನ ಹಿಂಭಾಗದಲ್ಲಿ ನಿಂತು ಫುಲ್ಮರ್‌ಗಳನ್ನು ಎಣಿಸುತ್ತಿದ್ದಳು. ರೆಕ್ಕೆ ಅಲ್ಲಾಡಿಸದೆ, ಗಾಳಿಯ ಮೇಲೆ ಒರಗಿಕೊಂಡು ಹಡಗಿನ ಜೊತೆಗೇ ಬರೋ ಹಕ್ಕಿ ಅದು. ಮೂವತ್ತರವರೆಗೆ ಎಣಿಸಿ, ಒಂದೇ ಹಕ್ಕಿ ಮತ್ತೆ ಮತ್ತೆ ಬರ್ತಿದೆ ಅಂತ ಅನುಮಾನ ಬಂದು ಬಿಟ್ಟುಬಿಟ್ಟಳು.

ಶೆಟ್‌ಲ್ಯಾಂಡ್ ಅಂದ್ರೆ ನೂರಕ್ಕೂ ಹೆಚ್ಚು ದ್ವೀಪಗಳ ಗುಂಪು, ಜನ ಇರೋದು ಹದಿನಾರರಲ್ಲಿ. ಮರ ಇಲ್ಲ. ನಿಜವಾಗಿಯೂ ಇಲ್ಲ, ಅಲ್ಲೊಂದು ಇಲ್ಲೊಂದು ಗೋಡೆಯ ಮರೆಯಲ್ಲಿ ಬೆಳೆಸಿದ್ದು ಬಿಟ್ಟರೆ. ಈ ದ್ವೀಪಗಳದ್ದು ಒಂದು ತಮಾಷೆಯ ಕಥೆ ಇದೆ. ಇವು ಮೊದಲು ನಾರ್ವೆಯ ಕೈಯಲ್ಲಿದ್ದವು. ಡೆನ್ಮಾರ್ಕ್–ನಾರ್ವೆಯ ರಾಜ ಒಂದನೇ ಕ್ರಿಶ್ಚಿಯನ್ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್‌ಲ್ಯಾಂಡಿನ ರಾಜ ಮೂರನೇ ಜೇಮ್ಸನಿಗೆ ಕೊಟ್ಟ. ವರದಕ್ಷಿಣೆಗೆ ದುಡ್ಡು ಹೊಂದಲಿಲ್ಲ. 1469ರಲ್ಲಿ ಶೆಟ್‌ಲ್ಯಾಂಡನ್ನೇ ಅಡವಿಟ್ಟ. ಆಮೇಲೆ ಬಿಡಿಸಿಕೊಳ್ಳಲೇ ಇಲ್ಲ. ತೋಟದ ಸಹಿ ತಲೆಯಲ್ಲಿಟ್ಟುಕೊಂಡು ಹೋದವನಿಗೆ ಮೊದಲು ಕಣ್ಣಿಗೆ ಬಿದ್ದ ಇತಿಹಾಸ ಇದು!

ಮೊದಲ ದಿನ ಎಲ್ಲರೂ ಮಾಡೋದನ್ನೇ ಮಾಡಿದ್ವಿ. ದಕ್ಷಿಣದ ಸಂಬರ್ಗ್ ಹೆಡ್ಡಿಗೆ ಹೋಗಿ ಪಫಿನ್ ನೋಡಿದ್ವಿ. ಬಣ್ಣದ ಕೊಕ್ಕಿನ ಆ ಹಕ್ಕಿಯನ್ನು ನೀವೆಲ್ಲ ಕ್ಯಾಲೆಂಡರಿನಲ್ಲಿ ನೋಡಿರ್ತೀರಿ, ಹೆಚ್ಚು ಹೇಳೋದಿಲ್ಲ. ಅವತ್ತು ರಾತ್ರಿ ಮೂಸಾ ದ್ವೀಪಕ್ಕೆ ದೋಣಿ. ಎರಡು ಸಾವಿರ ವರ್ಷ ಹಳೆಯ, ಹದಿಮೂರು ಮೀಟರ್ ಎತ್ತರದ ಕಲ್ಲಿನ ಗೋಪುರ ಇದೆ ಅಲ್ಲಿ. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ್ದು. ಆ ಕಲ್ಲುಗಳ ಸಂದಿಯಲ್ಲಿ ಸ್ಟಾರ್ಮ್ ಪೆಟ್ರೆಲ್ ಅನ್ನೋ ಗುಬ್ಬಿ ಗಾತ್ರದ ಕಡಲ ಹಕ್ಕಿಗಳು ಮೊಟ್ಟೆ ಇಟ್ಟಿರುತ್ತವೆ. ಹಗಲು ಬಂದರೆ ಗಲ್ ಮತ್ತು ಸ್ಕುವಾಗಳು ತಿಂದು ಹಾಕುತ್ತವೆ ಅಂತ ನಡುರಾತ್ರಿ ಮಾತ್ರ ಬರುತ್ತವೆ. ಹನ್ನೊಂದೂವರೆ ಹೊತ್ತಿಗೆ ಬಾವಲಿಗಳ ಹಾಗೆ ಬರತೊಡಗಿದವು. ಮಗಳು ಗೋಡೆಗೆ ಕಿವಿ ಇಟ್ಟು "ಅಪ್ಪಾ, ಒಳಗೆ ಮಿಕ್ಸಿ ಓಡ್ತಿದೆ" ಅಂದಳು. ನಿಜ, ಕಲ್ಲೊಳಗಿನಿಂದ ಗುರ್ರ್ ಅನ್ನೋ ಸದ್ದು, ನಡುನಡುವೆ ಬಿಕ್ಕಳಿಕೆ. ಇಡೀ ಗೋಪುರ ಒಳಗಿನಿಂದ ಮಾತಾಡುತ್ತಿತ್ತು. ಮೂಸಾದ ಬಗ್ಗೆ ಬೇರೆಯದೇ ಪೋಸ್ಟ್ ಬರೀಬೇಕು. (ಬರೀತೀನಿ ಅಂತ ಮಾತು ಕೊಡೋದಿಲ್ಲ. ನನ್ನ ಮಾತಿನ ಬೆಲೆ ಏನು ಅಂತ ಈ ಪೋಸ್ಟ್ ಓದಿ ಮುಗಿಸೋವಾಗ ನಿಮಗೇ ಗೊತ್ತಾಗುತ್ತೆ.)

ಮರುದಿನ ಫೆಟ್ಲರ್. ಟಾಫ್ಟ್ ಅನ್ನೋಕಡೆ ಕಾರು ಸಮೇತ ಒಂದು ದೋಣಿ ಹತ್ತಿ ಯೆಲ್ ದ್ವೀಪ. ಯೆಲ್ಲನ್ನು ಪೂರ್ತಿ ದಾಟಿ ಗಚರ್‌ನಲ್ಲಿ ಇನ್ನೊಂದು ದೋಣಿ. ಕಾರಿನಲ್ಲಿ ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರವಲಕ್ಕಿ. ದೋಣಿಯಲ್ಲಿ ನಮ್ಮದೂ ಸೇರಿ ನಾಲ್ಕೇ ಕಾರು. ಫೆಟ್ಲರ್‌ನ ಜನಸಂಖ್ಯೆ ಅರವತ್ತರ ಆಸುಪಾಸು. ನಮ್ಮ ಕೇರಿಯಲ್ಲಿ ಒಂದು ತಿಥಿ ಊಟಕ್ಕೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಹಿಂದೆ ಬಹಳ ಜನ ಇದ್ದರಂತೆ. ಹತ್ತೊಂಬತ್ತನೇ ಶತಮಾನದಲ್ಲಿ ನಿಕೋಲ್ಸನ್ ಅನ್ನೋ ಜಮೀನ್ದಾರ ಕುರಿ ಮೇಯಿಸೋಕೆ ಅಂತ ಒಕ್ಕಲುಗಳನ್ನು ಎಬ್ಬಿಸಿ ಓಡಿಸಿದ. ಅವನು ಕಟ್ಟಿಸಿದ ಬಂಗಲೆ ದೋಣಿಯಿಂದ ಇಳಿದು ಸ್ವಲ್ಪ ದೂರ ಬಂದರೆ ಕಾಣುತ್ತೆ. ಅದಕ್ಕೂ ಹಳೆಯದು ಒಂದು ಗೋಡೆ. ಸಾವಿರಾರು ವರ್ಷದ ಹಿಂದೆ ಯಾರೋ ದ್ವೀಪವನ್ನು ಎರಡು ಪಾಲು ಮಾಡಿ ಹಾಕಿದ ಕಲ್ಲಿನ ಪಾಗಾರ, ಅದರ ಸಾಲು ಇನ್ನೂ ಗುಡ್ಡದ ಮೇಲೆ ಕಾಣುತ್ತೆ. ಯಾರು ಯಾರಿಗೆ ಪಾಲು ಕೊಟ್ಟರೋ, ಯಾರು ಸಹಿ ಹಾಕಿದರೋ ಒಂದೂ ಗೊತ್ತಿಲ್ಲ. ಈಗ ಎರಡೂ ಕಡೆ ಕುರಿ.

ಹಕ್ಕಿ ನೋಡೋರಿಗೆ ಈ ಊರು ಹಿಂದೆ ಇನ್ನೊಂದು ಕಾರಣಕ್ಕೆ ಪುಣ್ಯಕ್ಷೇತ್ರ ಆಗಿತ್ತು. 1967ರಲ್ಲಿ ಬಾಬಿ ಟಲ್ಲಕ್ ಅನ್ನೋರು ಇಲ್ಲಿನ ಗುಡ್ಡದ ಮೇಲೆ ಹಿಮಗೂಬೆಯ ಗೂಡು ಪತ್ತೆ ಮಾಡಿದ್ರು. ಬ್ರಿಟನ್ನಿನಲ್ಲಿ ಅದು ಗೂಡು ಮಾಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. 1975ರವರೆಗೆ ಮರಿ ಮಾಡಿದವು. ಆಮೇಲೆ ಗಂಡು ಕಾಣೆಯಾಯ್ತು. ಹೆಣ್ಣುಗಳು ಮಾತ್ರ ವರ್ಷಗಟ್ಟಲೆ ಅದೇ ಗುಡ್ಡದ ಮೇಲೆ ಉಳಿದಿದ್ದವು, ಗಂಡು ಬರಲೇ ಇಲ್ಲ.

ನಾವು ಹೋಗಬೇಕಿದ್ದದ್ದು ಪೂರ್ವದ ಕೊನೆಯ ಒಂದು ಸಣ್ಣ ಕೆರೆಗೆ. ಬರೆಯೋದು ಫಂಜೀ ಅಂತ, ಹೇಳೋದು ಫಿನ್ನಿ ಅಂತ! ನಮ್ಮ ಲಿಪಿಯ ಬಗ್ಗೆ ಹೆಮ್ಮೆ ಬರೋದು ಇಂಥ ಕಡೆ. ಕಾರು ನಿಲ್ಲಿಸಿ ಇಳಿದೆವೋ ಇಲ್ಲವೋ, ಟರ್ನ್‌ಗಳು ಮೈಮೇಲೆ ಬಂದವು. ಆರ್ಕ್‌ಟಿಕ್ ಟರ್ನ್, ಈ ಊರಿನ ಭಾಷೆಯಲ್ಲಿ ಟಿರಿಕ್. ಕೂಗೋದೇ ಹಾಗೆ. ಕೆಂಪು ಕೊಕ್ಕು, ಕರಿ ಟೋಪಿ, ಕತ್ತರಿ ಬಾಲ, ನೋಡೋಕೆ ದೇವತೆ. ಮೊಟ್ಟೆ ಹತ್ತಿರ ಹೋದರೆ ಮಾತ್ರ ಚಂಡಿ. ಎಲ್ಲಕ್ಕಿಂತ ಎತ್ತರದಲ್ಲಿ ಏನಿರುತ್ತೋ ಅದಕ್ಕೆ ಕುಕ್ಕುತ್ತವೆ ಅಂತ ಓದಿದ್ದೆ. ನನ್ನ ಕೂದಲಿನ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಛತ್ರಿ ಮೇಲೆತ್ತಿ ಹಿಡಿಯೋ ಮೊದಲೇ ಟಕ್ ಅಂತ ಒಂದು ಬಿತ್ತು. ರಕ್ತ ಬಂತು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈ ಹಕ್ಕಿಗಳು ಇಲ್ಲಿ ಮರಿ ಮಾಡಿ ದಕ್ಷಿಣ ಧ್ರುವದ ಕಡಲಿಗೆ ಹೋಗಿ ಮತ್ತೆ ಬರುತ್ತವೆ. ಗ್ರೀನ್‌ಲ್ಯಾಂಡಿನ ಟರ್ನ್‌ಗಳ ಕಾಲಿಗೆ ಯಂತ್ರ ಕಟ್ಟಿ ಅಳೆದಾಗ ವರ್ಷಕ್ಕೆ ಸರಾಸರಿ 70 ಸಾವಿರ ಕಿಲೋಮೀಟರ್ ಬಂದಿತ್ತು. ಅಷ್ಟು ದೂರದಿಂದ ಬಂದು ಮೊಟ್ಟೆ ಇಟ್ಟ ಜಾಗಕ್ಕೆ ನಾನು ಚಪ್ಪಲಿ ಹಾಕಿಕೊಂಡು ಹೋದರೆ ಕುಕ್ಕದೆ ಇನ್ನೇನು ಮಾಡುತ್ತವೆ.

ಕೆರೆಯ ದಡದಲ್ಲಿ ಕಲ್ಲಿನ ಮೇಲೆ ಕೂತ್ವಿ. ಗಾಳಿ, ಮೋಡ, ನೀರು ಸೀಸದ ಬಣ್ಣ. ಅರ್ಧ ಗಂಟೆ ಏನೂ ಇಲ್ಲ. ದೂರದಲ್ಲಿ ಕೆಂಪು ಗಂಟಲಿನ ಡೈವರ್ ಜೋಡಿಯೊಂದು ಇತ್ತು. ಅದನ್ನು ನೋಡೋಕೇ ಜನ ಎಲ್ಲೆಲ್ಲಿಂದಲೋ ಬರ್ತಾರೆ, ನನಗೆ ಬೇಡವಾಗಿತ್ತು. ಮೊಸರವಲಕ್ಕಿ ಡಬ್ಬಿ ತೆಗೆದ್ವಿ. ಎರಡನೇ ತುತ್ತು ಬಾಯಿಗಿಡುವಾಗ ಮಗಳು ನನ್ನ ತೋಳು ಚಿವುಟಿದಳು.

ಕಾಲಿನಿಂದ ಮೂರು ಮಾರು ದೂರದಲ್ಲಿ, ನೀರಿನ ಅಂಚಿನ ಹುಲ್ಲಿನಲ್ಲಿ, ಬುಗುರಿ ಸುತ್ತುತ್ತಿತ್ತು.

ಎಷ್ಟು ಹೊತ್ತಿನಿಂದ ಇತ್ತೋ! ಭಯ ಅನ್ನೋದೇ ಇಲ್ಲ ಅದಕ್ಕೆ. ದೂರದರ್ಶಕ ಹಿಡಿದರೆ ಫೋಕಸ್ಸೇ ಆಗದಷ್ಟು ಹತ್ತಿರ. ತದಡಿಯಲ್ಲಿ ಕಂಡದ್ದು ಚಳಿಗಾಲದ ಬೂದು ಅಂಗಿ, ಇದು ಮದುವೆ ಸೀರೆ. ತಲೆ ಬೆನ್ನು ಕಪ್ಪು ಬೂದಿ, ಗಂಟಲು ಬಿಳಿ, ಕತ್ತಿನ ಎರಡೂ ಬದಿಯಲ್ಲಿ ಇಟ್ಟಿಗೆ ಕೆಂಪಿನ ಪಟ್ಟಿ. ಕೊಕ್ಕು ಸೂಜಿ. ತೂಕ 35 ಗ್ರಾಂ ಆಚೀಚೆ, ಅಂದರೆ ಮುಷ್ಟಿ ಅವಲಕ್ಕಿಯಷ್ಟೇ. ಬೆರಳುಗಳ ಅಂಚಿಗೆ ಅಗಲ ಪದರ ಇರುತ್ತೆ, ಅದರಿಂದ ನೀರು ಒದ್ದು ಸುತ್ತುತ್ತೆ. ಹಾಗೆ ಸುತ್ತಿದಾಗ ತಳದ ನೀರು ಮೇಲೆ ಬರುತ್ತೆ, ಜೊತೆಗೆ ಹುಳ ಮೇಲೆ ಬರುತ್ತವೆ. ಸುತ್ತು, ಚುಕ್, ಸುತ್ತು, ಚುಕ್. ನೀರು ಮಗುಚೋ ಜಾಗ ಅಂತ ಗೆಳೆಯನ ಅಪ್ಪ ಹೇಳಿದ್ದು ನೆನಪಾಯ್ತು. ಅಲ್ಲಿ ಕಡಲು ತಾನೇ ಮಗುಚಿ ಕೊಡುತ್ತಿತ್ತು, ಇಲ್ಲಿ ಇದು ತಾನೇ ಮಗುಚಿಕೊಳ್ಳುತ್ತಿತ್ತು.

ಇಷ್ಟು ಚಂದದ್ದು ಗಂಡೇ ಇರಬೇಕು ಅಂತ ಮಗಳು ಅಂದಳು. ನವಿಲು ನೋಡಿದ ಅಭ್ಯಾಸ. ಅಲ್ಲ, ಇವುಗಳಲ್ಲಿ ಎಲ್ಲ ಉಲ್ಟಾ. ಬಣ್ಣ ಹೆಚ್ಚಿರೋದು ಹೆಣ್ಣಿಗೆ. ಗಂಡಿಗಾಗಿ ಜಗಳ ಆಡೋದು ಹೆಣ್ಣು. ನಾಲ್ಕು ಮೊಟ್ಟೆ ಇಟ್ಟು ಅದು ಹೊರಟೇ ಹೋಗುತ್ತೆ, ಕೆಲವೊಮ್ಮೆ ಇನ್ನೊಬ್ಬ ಗಂಡನ್ನು ಹುಡುಕಿಕೊಳ್ಳುತ್ತೆ. ಕಾವು ಕೂರೋದು, ಮರಿ ಕಾಯೋದು ಎಲ್ಲ ಗಂಡಿನ ಪಾಲಿಗೆ. ಮೂರು ವಾರ ಒಂದೇ ಸಮ ಕೂರುತ್ತೆ. ಮಗಳು ನನ್ನನ್ನೊಮ್ಮೆ, ಅವಲಕ್ಕಿ ಡಬ್ಬಿಯನ್ನೊಮ್ಮೆ ನೋಡಿ, "ಇದು ಅಮ್ಮಂಗೆ ಹೇಳ್ಬೇಕು" ಅಂದಳು.

ನಮ್ಮ ಪಕ್ಕ ಒಬ್ಬ ವಯಸ್ಸಾದ ಮನುಷ್ಯ ಬಂದು ಟೆಲಿಸ್ಕೋಪು ಇಟ್ಟುಕೊಂಡು ನಿಂತಿದ್ದರು. ಅಪರಿಚಿತರ ಹತ್ತಿರ ಮಾತಾಡೋನಲ್ಲ ನಾನು. ಅವತ್ತು ತಡೆಯಲಿಲ್ಲ. ಈ ಹಕ್ಕಿ ಚಳಿಗಾಲದಲ್ಲಿ ನಮ್ಮ ಊರಿನ ಸಮುದ್ರಕ್ಕೆ ಬರುತ್ತೆ, ಹದಿನಾಲ್ಕು ವರ್ಷದವನಿದ್ದಾಗ ನೋಡಿದ್ದೆ ಅಂತ ಶುರು ಮಾಡಿ, ಬೋಟು, ವಾಂತಿ, ಮಂಡಕ್ಕಿ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಬಹಳ ಮೆಲ್ಲಗೆ, ಸಾವಿನ ಸುದ್ದಿ ಹೇಳೋ ಡಾಕ್ಟರ ಹಾಗೆ, ನೀವು ನೋಡಿದ್ದು ಇವುಗಳನ್ನಲ್ಲ ಅಂದರು.

2012ರಲ್ಲಿ ಇದೇ ಫೆಟ್ಲರ್‌ನ ಹತ್ತು ಫಾಲರೋಪ್‌ಗಳಿಗೆ ಒಂದು ಗ್ರಾಮಿಗೂ ಕಡಿಮೆ ತೂಕದ ಯಂತ್ರ ಕಟ್ಟಿ ಬಿಟ್ಟಿದ್ದರು. ಅದು ಬೆಳಕನ್ನು ಮಾತ್ರ ಅಳೆಯುತ್ತೆ. ಯಾವ ದಿನ ಎಷ್ಟು ಹೊತ್ತಿಗೆ ಬೆಳಗಾಯ್ತು, ಎಷ್ಟು ಹೊತ್ತಿಗೆ ಕತ್ತಲಾಯ್ತು ಅನ್ನೋದರಿಂದ ಹಕ್ಕಿ ಎಲ್ಲಿತ್ತು ಅಂತ ಲೆಕ್ಕ ಹಾಕಬಹುದು. ಆದರೆ ಯಂತ್ರ ಬೇಕಾದರೆ ಅದೇ ಹಕ್ಕಿಯನ್ನು ಮರುವರ್ಷ ಹಿಡಿಯಬೇಕು. 2013ರಲ್ಲಿ ಯಂತ್ರ ಸಮೇತ ಕೈಗೆ ಸಿಕ್ಕಿದ್ದು ಒಂದೇ ಒಂದು. ಎಲ್ಲರೂ ಅಂದುಕೊಂಡಿದ್ದು, ಸ್ಕ್ಯಾಂಡಿನೇವಿಯಾದ ಹಕ್ಕಿಗಳ ಹಾಗೆ ಇದೂ ಅರಬ್ಬಿ ಸಮುದ್ರಕ್ಕೆ ಹೋಗಿ ಬಂದಿರುತ್ತೆ ಅಂತ. ಲೆಕ್ಕ ಹಾಕಿ ನೋಡಿದರೆ ಅದು ತಿರುಗಿದ್ದು ಪಶ್ಚಿಮಕ್ಕೆ. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಮೇಲಿಂದ ಅಟ್ಲಾಂಟಿಕ್ ದಾಟಿ, ಅಮೆರಿಕದ ಪೂರ್ವ ತೀರ ಹಿಡಿದು ಕೆಳಗಿಳಿದು, ಕೆರಿಬಿಯನ್ ದಾಟಿ, ಮೆಕ್ಸಿಕೋ ದಾಟಿ, ಶಾಂತ ಸಾಗರ. ಚಳಿಗಾಲ ಕಳೆದದ್ದು ಈಕ್ವೆಡಾರ್, ಪೆರು ಎದುರಿನ ಕಡಲಿನಲ್ಲಿ, ಗಲಾಪಗೋಸ್ ಕಡೆ. ಹೋಗಿ ಬಂದದ್ದು 25 ಸಾವಿರ ಕಿಲೋಮೀಟರಿಗೂ ಹೆಚ್ಚು. 2014ರಲ್ಲೇ ಇದು ಪ್ರಕಟ ಆಗಿದೆ. ಅಂದರೆ ನಾನು ಬ್ಲಾಗ್ ಬರೆಯುವ ಎಷ್ಟೋ ವರ್ಷ ಮೊದಲೇ. ಒಂದು ಸಲ ಗೂಗಲ್ ಮಾಡಿದ್ದರೆ ಸಾಕಿತ್ತು.

ನೀವು ನೋಡಿದ್ದು ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಕಡೆಯದೋ ರಷ್ಯಾದ್ದೋ ಇರಬೇಕು ಅಂದರು ಅವರು. ನೋಡೋಕೆ ವ್ಯತ್ಯಾಸ ಇದೆಯಾ? ಇಲ್ಲ, ಅವೇ ಹಕ್ಕಿ. ಇಲ್ಲಿಂದ ನಾರ್ವೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಅಲ್ಲಿನವು ಪೂರ್ವಕ್ಕೆ, ಇಲ್ಲಿನವು ಪಶ್ಚಿಮಕ್ಕೆ. ಬಹುಶಃ ಇಲ್ಲಿಗೆ ಬಂದು ನೆಲೆಸಿದವು ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಕಡೆಯಿಂದ ಬಂದವು, ಅದಕ್ಕೇ ಹಳೇ ದಾರಿ ಹಿಡಿಯುತ್ತವೆ ಅಂತ ಹೇಳ್ತಾರಂತೆ.

ನಾನು ಥ್ಯಾಂಕ್ಸ್ ಹೇಳಿದೆ. ಮುಖ ಸಣ್ಣಗಾಗಿದ್ದು ಅವರಿಗೂ ಕಂಡಿರಬೇಕು. ತಮ್ಮ ಟೆಲಿಸ್ಕೋಪಿನಲ್ಲಿ ಮಗಳಿಗೆ ಹಕ್ಕಿ ತೋರಿಸಿದರು, ಅಷ್ಟು ಹತ್ತಿರ ಇದ್ದದ್ದಕ್ಕೆ ಅದರ ಅಗತ್ಯವೇ ಇರಲಿಲ್ಲ. ಮಾತು ಬದಲಿಸೋಕೆ ಅಂತ ಬಾಂಕ್ಸಿಗಳ ವಿಷಯ ತೆಗೆದರು. ಬಾಂಕ್ಸಿ ಅಂದ್ರೆ ಗ್ರೇಟ್ ಸ್ಕುವಾ, ಇಲ್ಲಿನ ಗೂಂಡಾ ಹಕ್ಕಿ, ಬೇರೆಯವರ ಬಾಯಿಂದ ಮೀನು ಕಿತ್ತು ತಿನ್ನೋದು. ಪ್ರಪಂಚದ ಬಾಂಕ್ಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕಾಟ್‌ಲ್ಯಾಂಡಿನಲ್ಲೇ ಮರಿ ಮಾಡುತ್ತಿದ್ದವು. 2021ರ ಬೇಸಿಗೆಯಲ್ಲಿ ಹಕ್ಕಿ ಜ್ವರ ಮೊದಲು ಬಿದ್ದದ್ದು ಅವಕ್ಕೆ, 2022ರಲ್ಲಿ ಮತ್ತೆ ಬಿತ್ತು, ಆಗ ಗ್ಯಾನೆಟ್‌ಗಳೂ ರಾಶಿ ರಾಶಿ ಸತ್ತವು. ಆ ವರ್ಷ ಜುಲೈಯಲ್ಲಿ ಸ್ಕಾಟ್‌ಲ್ಯಾಂಡಿನ 23 ದ್ವೀಪಗಳಲ್ಲಿ ಜನ ಇಳಿಯೋದನ್ನೇ ನಿಲ್ಲಿಸಿದ್ದರು. 2024ರಲ್ಲಿ ಬಂದ ಎಣಿಕೆಯ ಪ್ರಕಾರ, ಲೆಕ್ಕ ಹಾಕಿದ ಜಾಗಗಳಲ್ಲಿ ಬಾಂಕ್ಸಿಗಳು ನೂರಕ್ಕೆ 76ರಷ್ಟು ಕಡಿಮೆಯಾಗಿದ್ದವು. ಮೊದಲು ಗುಡ್ಡ ಹತ್ತಿದರೆ ತಲೆ ತಗ್ಗಿಸಿಯೇ ನಡೀಬೇಕಿತ್ತು, ಮೇಲಿಂದ ಬಂದು ಒದೀತಿದ್ದವು, ಬೈಕೊಳ್ತಿದ್ದೆ ಅಂದರು. ಈಗ ನೆಟ್ಟಗೆ ನಡೀಬಹುದಂತೆ. ಅದನ್ನು ಹೇಳುವಾಗ ಅವರು ಗುಡ್ಡದ ಕಡೆ ನೋಡುತ್ತಿದ್ದರು. ಬದುಕಿ ಉಳಿದ ಕೆಲವು ಗ್ಯಾನೆಟ್‌ಗಳ ತಿಳಿನೀಲಿ ಕಣ್ಣು ಕಪ್ಪಾಗಿದೆ ಅಂತ ಅವರೇ ಹೇಳಿದ್ದು. ನಾನು ನಂಬಿರಲಿಲ್ಲ, ಮನೆಗೆ ಬಂದು ಈ ಸಲ ಹುಡುಕಿ ನೋಡಿದೆ. ನಿಜ.

ವಾಪಸ್ ಕಾರಿಗೆ ಬರುವಾಗ ಮಗಳು ಕೇಳಿದಳು, "ಅಪ್ಪಾ, ಬೇಜಾರಾಯ್ತಾ?" ಇಲ್ಲ ಅಂದೆ. ಆಗಿತ್ತು. ಆದರೆ ಹಕ್ಕಿಯ ಬಗ್ಗೆ ಅಲ್ಲ. ಕೆರೆಯ ದಡದಲ್ಲಿ ಕೂತಿದ್ದಾಗಲೂ ನಾನು ಒಳಗೊಳಗೇ ಅಣ್ಣನಿಗೆ ಹೇಳೋ ಮಾತು ಜೋಡಿಸುತ್ತಿದ್ದೆ. ಇಷ್ಟು ಪುಟ್ಟ ಹಕ್ಕಿ ವಾಪಸ್ ಬರುತ್ತೆ ಮಾರಾಯ, ನನಗೆ ಇನ್ನೊಂದೆರಡು ವರ್ಷ ಕೊಡು, ಮಗಳ ಹೈಸ್ಕೂಲು ಒಂದು ಮುಗೀಲಿ, ಅಂತ. ಅದನ್ನು ಹೇಳೋಕೆ ಇನ್ನು ಹಕ್ಕಿ ಇರಲಿಲ್ಲ. ಹಕ್ಕಿ ಇಲ್ಲದೆ ಅದೇ ವಾಕ್ಯ ಹೇಳಿ ನೋಡಿಕೊಂಡೆ, ಕೆಟ್ಟದಾಗಿ ಕೇಳಿಸಿತು. "ಮನೆಗೆ ಹೋಗೋದು ಯಾವತ್ತು?" ಅಂತ ಮಗಳು ಕೇಳಿದಳು. ನಾಡಿದ್ದು ಅಂದೆ. ಅವಳು ಕೇಳಿದ್ದು ಅಬರ್ಡೀನಿನ ಬಗ್ಗೆ. ನಾನೂ ಉತ್ತರ ಕೊಟ್ಟದ್ದು ಅಬರ್ಡೀನಿನ ಬಗ್ಗೆಯೇ, ಯೋಚಿಸದೆ.

ಆ ರಾತ್ರಿ ದ್ವೀಪದಲ್ಲೇ ಒಬ್ಬರ ಮನೆಯಲ್ಲಿ ಉಳಿದಿದ್ದೆವು. ರಾತ್ರಿ ಅಂತ ಸುಮ್ಮನೆ ಹೇಳೋದು. ಜೂನಿನಲ್ಲಿ ಇಲ್ಲಿ ಕತ್ತಲು ಅನ್ನೋದು ಬರೋದಿಲ್ಲ, ಹನ್ನೆರಡಕ್ಕೆ ಸ್ವಲ್ಪ ಮಬ್ಬಾಗಿ ಹಾಗೇ ಮತ್ತೆ ಬೆಳಕು. ಇದಕ್ಕೆ ಇವರು ಸಿಮ್ಮರ್ ಡಿಮ್ ಅಂತಾರೆ. ಹೊರಗೆ ಸ್ನೈಪ್ ಹಕ್ಕಿ ಆಕಾಶದಿಂದ ಬಾಲ ನಡುಗಿಸಿಕೊಂಡು ಇಳಿಯೋ ಸದ್ದು, ಮೇಕೆ ಅರಚಿದ ಹಾಗೆ. ನಿದ್ದೆ ಬರಲಿಲ್ಲ. ನಾಲ್ಕು ಗಂಟೆಗೆ ಎದ್ದು ಅಂಗಳದ ಕಲ್ಲಿನ ಗೋಡೆ ಮೇಲೆ ಕೂತು ಊರಿಗೆ ಫೋನು ಹಚ್ಚಿದೆ. ಅಲ್ಲಿ ಎಂಟೂವರೆ.

"ಎಂತದಾ, ಇಷ್ಟು ಬೇಗ ಎದ್ದಿದ್ದೆ?" ಅಂದ ಅಣ್ಣ.

"ಇಲ್ಲಿ ಬೆಳಕಾಯ್ದು."

"ನಾಲ್ಕು ಗಂಟಿಗಾ!"

"ಅಣ್ಣಾ, ಆನು ಬತ್ನಿಲ್ಲೆ. ನೀನು ಮಾರು. ಪೇಪರು ಕಳ್ಸು, ಸಹಿ ಹಾಕ್ತಿ."

ಅಣ್ಣ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಇದನ್ನ ಐದು ವರ್ಷದ ಹಿಂದೇ ಹೇಳಿದ್ರೆ ಆ ಹೊಸ ಸಸಿ ನೆಡ್ತಿದ್ನಿಲ್ಲೆ" ಅಂದ, ಅಷ್ಟೇ. ಅವನು ಸಸಿ ನೆಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಯಾರಿಗಾಗಿ ನೆಟ್ಟಿದ್ದ ಅಂತ ಕೇಳುವ ಹಾಗೂ ಇರಲಿಲ್ಲ. ಆಮೇಲೆ, "ಆಯಿಗೆ ನೀನೇ ಹೇಳು" ಅಂತ ಫೋನು ಕೊಟ್ಟ.

ಆಯಿಗೆ ಹೇಳಿದೆ. ಕೇಳಿಸಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ. "ಕೇಳ್ಚು" ಅಂದಳು. ಮತ್ತೆ ಸ್ವಲ್ಪ ಬಿಟ್ಟು, "ನಿನ್ನ ಹಕ್ಕಿ ಸಿಕ್ಚಾ?"

"ಸಿಕ್ಚು ಆಯಿ. ಆದ್ರೆ ಅದು ನಮ್ಮ ಬದಿಗೆ ಬಪ್ಪದಲ್ದಡ. ಬೇರೆ ಕಡೆ ಹೋಗ್ತಡ."

"ಹಂಗಾರೆ ಇಲ್ಲಿಗೆ ಬಪ್ಪದು ಯಾವ್ದು?"

"ನಾರ್ವೆ, ರಷ್ಯಾ ಬದಿದು."

"ಹೌದಾ" ಅಂದಳು ಆಯಿ. "ಬರ್ಲಿ, ಅದೂ ಪಾಪ." ಆಮೇಲೆ ಮಾತು ನಿಂತಿತು, ಹಿಂದೆ ಏನೋ ಜೋರು ಸದ್ದು, ಲೈನು ಕೆಟ್ಟಿತೇನೋ ಅಂದುಕೊಂಡು ಹಲೋ ಹಲೋ ಅಂದೆ. ಲೈನು ಸರಿಯಾಗೇ ಇತ್ತು. ಆಯಿ ಫೋನನ್ನು ಹಿತ್ತಿಲ ಬಾಗಿಲ ಕಡೆ ಹಿಡಿದಿದ್ದಳಂತೆ. ಅಲ್ಲಿ ಮಳೆ ಹೊಡಿತಿತ್ತು.